ಭಿಕ್ಷೆ ಅಲ್ಲ, ಬಾಕಿ

ಸೈನ್ಯದಿಂದ ನಿವೃತ್ತರಾದ ಕೆಲವರ ವೈದ್ಯಕೀಯ ಕಾಗದದಲ್ಲಿ ಒಂದು ಸಾಲು ಇರುತ್ತದೆ. ಈ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಅಂತ. ಅಷ್ಟಕ್ಕೇ ಅಂಗವೈಕಲ್ಯ ಪಿಂಚಣಿ ಹೋಯ್ತು!

ಖಾರಘರದ ನಮ್ಮ ಸೊಸೈಟಿಯಲ್ಲಿ ಹುಕ್ಕೇರಿ ಕಡೆಯ ಹವಾಲ್ದಾರರೊಬ್ಬರಿದ್ದಾರೆ. 21 ವರ್ಷ ಸೇವೆ ಮಾಡಿ 2005ರಲ್ಲಿ ನಿವೃತ್ತರಾದವರು. ಭರ್ತಿಯಾಗುವಾಗ ಗಟ್ಟಿಮುಟ್ಟು ಆಳು. ಹೊರಬರುವಾಗ ರಕ್ತದೊತ್ತಡ, ಶೇ. 30 ವೈಕಲ್ಯ. ನಾನು ಬ್ಯಾಂಕಿನವನು ಅಂತ ಮೊನ್ನೆ ಕಾಗದ ತೋರಿಸಿದರು. ಅದೇ ಸಾಲು.

"ಅಪೀಲು ಮಾಡಲಿಲ್ಲೇನ್ರಿ?" ಅಂದೆ.

"ಇಲ್ರಿ ಸಾಹೇಬ್ರ. ದೇಶದ ಕೆಲಸ ಮಾಡಿ ಬಂದು ಭಿಕ್ಷಾ ಬೇಡೂದೇನು ಅಂತ ಬಿಟ್ಟೆ."

ಇದು ಭಿಕ್ಷೆ ಅಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದ ಹಾಗಿದೆ. ಧರಮ್‌ವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸಿಗ್ನಲ್ಸ್ ದಳ ಸೇರಿದವರು. ಮೂರ್ಛೆರೋಗ, ಶೇ. 20 ವೈಕಲ್ಯ ಅಂತ 1994ರಲ್ಲಿ ಅವರನ್ನು ಮನೆಗೆ ಕಳಿಸಿದರು. ಪಿಂಚಣಿ ಇಲ್ಲ ಅಂದರು. 2013ರಲ್ಲಿ ಅವರು ಗೆದ್ದರು. ಭರ್ತಿಯಾಗುವಾಗ ಕಾಯಿಲೆ ಬರೆದಿಲ್ಲವೆಂದರೆ ಆತ ಆರೋಗ್ಯವಂತನೇ ಎಂದು ತಿಳಿಯಬೇಕು; ಸೇವೆಗೆ ಸಂಬಂಧವಿಲ್ಲ ಅನ್ನುವುದಾದರೆ ವೈದ್ಯಕೀಯ ಮಂಡಳಿ ಕಾರಣ ಕೊಡಬೇಕು; ಸಂಶಯದ ಲಾಭ ಸೈನಿಕನಿಗೆ. ತೀರ್ಪಿನ ಸಾರ ಇದು.

2014ರ ರಾಮ್ ಅವತಾರ್ ತೀರ್ಪಿನ ನಂತರ, ಅವಧಿ ಮುಗಿಸಿ ನಿವೃತ್ತರಾದವರಿಗೂ ಶೇ. 50ಕ್ಕಿಂತ ಕಡಿಮೆ ವೈಕಲ್ಯವನ್ನು ಶೇ. 50 ಎಂದು ಲೆಕ್ಕ ಹಿಡಿಯುವ ಸವಲತ್ತು ಸಿಕ್ಕಿತು. ಆದರೆ ಮೊದಲು ಕಾಯಿಲೆ ಸೇವೆಯದೆಂದು ಒಪ್ಪಿಗೆಯಾಗಬೇಕು, ಶೇ. 20 ಆದರೂ ಇರಬೇಕು.

ಇಷ್ಟು ವರ್ಷದ ಮೇಲೆ ಕೇಳಬಹುದೇ? ಕೇಳಬಹುದು. ತರ್ಸೇಮ್ ಸಿಂಗ್ ಎಂಬವರು 1983ರಲ್ಲಿ ಹೊರಬಂದು 1999ರಲ್ಲಿ ಕೋರ್ಟಿಗೆ ಹೋದರು. ಪಿಂಚಣಿ ತಿಂಗಳು ತಿಂಗಳು ತಪ್ಪುವಂಥದ್ದು, ಆದ್ದರಿಂದ ತಡವಾಯಿತೆಂದು ಹಕ್ಕು ಸಾಯುವುದಿಲ್ಲ ಎಂದು 2008ರಲ್ಲಿ ತೀರ್ಪಾಯಿತು. ಹಳೇ ಬಾಕಿ ಮಾತ್ರ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರೇ ವರ್ಷದ್ದು. ಬ್ಯಾಂಕಿನವನ ಕಣ್ಣಿಗೆ ಕಾಣುವುದು ಇದೇ ನೋಡಿ. ಸುಮ್ಮನೆ ಕೂತ ಒಂದೊಂದು ತಿಂಗಳೂ ಹಿಂದಿನಿಂದ ಒಂದು ತಿಂಗಳನ್ನು ಕತ್ತರಿಸುತ್ತದೆ.

ಎಲ್ಲರೂ ಗೆಲ್ಲುತ್ತಾರೆ ಅಂತಲ್ಲ. 2023ರ ಸೆಪ್ಟೆಂಬರ್ 21ರ ನಂತರ ಹೊರಬಂದವರಿಗೆ ಹೊಸ ನಿಯಮಗಳಿವೆ. ಹಳಬರು ಮೊದಲು ರೆಕಾರ್ಡ್ ಆಫೀಸಿನಿಂದ ಬಿಡುಗಡೆಯ ವೈದ್ಯಕೀಯ ಮಂಡಳಿಯ ವರದಿ ತರಿಸಬೇಕು. ಇಲಾಖೆಯೊಳಗಿನ ಮೇಲ್ಮನವಿ ಆಗಲಿಲ್ಲವೆಂದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಮುಂಬಯಿಯಲ್ಲೇ ಪೀಠ ಇದೆ.

"ಸಾಲ ಕೊಟ್ಟವ ವಸೂಲಿಗೆ ಹೋದರೆ ಭಿಕ್ಷುಕ ಆಗ್ತಾನೇನ್ರಿ?" ಅಂತ ಕೇಳಿದೆ. ಹವಾಲ್ದಾರರು ನಕ್ಕರು. ವರದಿಗೆ ಅರ್ಜಿ ಹೋಗಿದೆ, ಉತ್ತರ ಬರಬೇಕು.

ನಿಮ್ಮ ಊರಲ್ಲೂ ಇಂಥ ಕಾಕಾ, ಮಾಮಾ ಇದ್ದಾರು. ಈ ಸಲ ಹೋದಾಗ ಅವರ ಟ್ರಂಕಿನ ಕಾಗದ ಒಮ್ಮೆ ತೆಗೆಸಿ ಓದಿ.