ಚಿಲ್ಲರೆಯ ಚೀಲದಲ್ಲಿ ಒಂದು ನಕ್ಷತ್ರ

ಯಾದಗಿರಿಯ ಕೋಟೆ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಟೇಲರ್ ಮಂಜಿಲ್ ಇವುಗಳನ್ನು ಕಂಡ ಪ್ರವಾಸಿಗೆ ಈ ಸೀಮೆಯ ಇತಿಹಾಸವೆಲ್ಲ ಕಲ್ಲಿನಲ್ಲಿಯೇ ಉಳಿದಿದೆಯೆಂದು ತೋರುವುದು ಸಹಜ. ಆದರೆ ಅದರ ಒಂದು ತುಣುಕು ಬ್ಯಾಂಕಿನವರು ಕೊಡುವ ಚಿಲ್ಲರೆಯ ಚೀಲದಲ್ಲಿಯೂ ಉಂಟು.

1948ರವರೆಗೆ ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದ ಈ ನಾಡಿನಲ್ಲಿ ಚಾರ್‌ಮಿನಾರಿನ ಮುದ್ರೆಯ ಬೆಳ್ಳಿ ರೂಪಾಯಿ ನಡೆಯುತ್ತಿತ್ತು. ಅದನ್ನು ಇಂದಿನ ಚೀಲದಲ್ಲಿ ಅರಸುವುದು ವ್ಯರ್ಥ. ಆದರೆ ಅದನ್ನು ಅಚ್ಚೊತ್ತುತ್ತಿದ್ದ ಹೈದರಾಬಾದಿನ ಟಂಕಸಾಲೆ 1950ರಲ್ಲಿ ಭಾರತ ಸರ್ಕಾರಕ್ಕೆ ಸೇರಿತು. ಅಲ್ಲಿಯ ನಾಣ್ಯಕ್ಕೆ ಇಸವಿಯ ಕೆಳಗೆ ಪುಟ್ಟ ನಕ್ಷತ್ರವೇ ಗುರುತು. ಮುಂಬಯಿಯದಕ್ಕೆ ವಜ್ರಾಕೃತಿ, ನೋಯ್ಡಾದ್ದಕ್ಕೆ ಚುಕ್ಕೆ; ಕಲ್ಕತ್ತೆಯದಕ್ಕೆ ಗುರುತೇ ಇಲ್ಲ. ಸಂಗ್ರಾಹಕನು ಚೀಲವನ್ನು ಸುರಿದು ಮೊದಲು ನೋಡುವುದು ಇದನ್ನೇ.

ಅಜ್ಜಿಯ ಪೆಟ್ಟಿಗೆಯಲ್ಲಿ ಚಾರ್‌ಮಿನಾರಿನ ರೂಪಾಯಿ ಉಳಿದಿದ್ದರೆ ಅದನ್ನು ಬೆಳ್ಳಿಯ ತೂಕಕ್ಕೆ ಮಾರದಿರುವುದು ಲೇಸು. ಕರಗಿದ ನಾಣ್ಯದಲ್ಲಿ ಬೆಳ್ಳಿ ಉಳಿದೀತು, ಇತಿಹಾಸ ಉಳಿಯದು.