ಊರಲ್ಲಿ ನನ್ನ ಓಟಿದೆ

2024ರ ಏಪ್ರಿಲ್ 26ರಂದು ಓಟು ಹಾಕಲೆಂದು ಹಿಂದಿನ ರಾತ್ರಿ ಯಶವಂತಪುರದಲ್ಲಿ ಬಸ್ಸು ಹತ್ತಿ ಕೊಪ್ಪ ಸೀಮೆಯ ನಮ್ಮೂರಿಗೆ ಹೋಗಿದ್ದೆ. ಯಲಹಂಕಕ್ಕೆ ಬಂದು ಹದಿನೆಂಟು ವರ್ಷವಾದರೂ ಓಟು ಬದಲಾಯಿಸಿಲ್ಲ. ಊರಿನ ಋಣ ಅಂತ ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಅರ್ಧ ಸೋಮಾರಿತನ, ಇನ್ನರ್ಧ ಆಗಾಗ ಊರವನು ಅನ್ನಿಸಿಕೊಳ್ಳುವ ಆಸೆ.

ಮತಗಟ್ಟೆ ನಾನು ಓದಿದ ಕಿರಿಯ ಪ್ರಾಥಮಿಕ ಶಾಲೆಯೇ. ಮಕ್ಕಳಿಲ್ಲದೆ ಬಾಗಿಲು ಹಾಕಿ ಐದು ವರ್ಷವಾಗಿತ್ತು. ಕಡತದಲ್ಲಿ ‘ತಾತ್ಕಾಲಿಕ’ ಎಂದಿದೆಯಂತೆ. ಓಟಿಗೆಂದು ಬೀಗ ತೆಗೆದು, ಗುಡಿಸಿದ್ದರು. ಸಾಲಿನಲ್ಲಿ ನಿಂತಾಗ ಗೋಡೆಯ ಮೇಲೆ ನನ್ನ ಹೆಸರು ಕಂಡಿತು. 2016ರಲ್ಲಿ ಹಳೆ ವಿದ್ಯಾರ್ಥಿಗಳು ಸೇರಿ ಸುಣ್ಣಬಣ್ಣ ಮಾಡಿಸಿದ್ದೆವು, ನಾನು ಐದು ಸಾವಿರ ಕೊಟ್ಟಿದ್ದೆ. ಹೆಸರು ಬರೆಸಬೇಡಿ ಅಂದಿದ್ದೆ. ಒಂದೇ ಸಲ, ಮೆಲ್ಲಗೆ. ಇನ್ನೊಂದು ಸಲ ಹೇಳಿದ್ದರೆ ಬರೆಸದೆ ಬಿಟ್ಟಾರೆಂಬ ಭಯವಿತ್ತೇನೋ.

ಸುಣ್ಣಬಣ್ಣ ಮಾಡಿಸಿದ ವರ್ಷವೇ, ಮೇ ತಿಂಗಳಲ್ಲಿ, ಅಣ್ಣನ ಮಗಳನ್ನು ಯಲಹಂಕಕ್ಕೆ ಕರೆತಂದೆ. ಶಾಲೆಯಲ್ಲಿ ಏಳು ಮಕ್ಕಳಿದ್ದರು, ಆರಾದರು.

“ಇಲ್ಲೇ ಇರ್ಲಿ ಮಾರಾಯ, ಮೇಷ್ಟ್ರು ಒಳ್ಳೆಯವ್ರು” ಅಂದಿದ್ದ ಅಣ್ಣ.

“ಇಲ್ಲಿದ್ರೆ ಅವಳಿಗೆ ಇಂಗ್ಲಿಷು ಬರೋದು ಯಾವಾಗ ಅಣ್ಣ?” ಅಂದಿದ್ದೆ. ಆ ಶಾಲೆಯಲ್ಲೇ ಕಲಿತು ಇಂಗ್ಲಿಷಿನಲ್ಲೇ ಅನ್ನ ದುಡಿಯುತ್ತಿರುವವನು ನಾನು. ಅದು ಆಗ ಹೊಳೆಯಲಿಲ್ಲ. ಅಥವಾ ಹೊಳೆದರೂ ಬಾಯಿಗೆ ಬರಲಿಲ್ಲ.

ಅವಳೊಬ್ಬಳಿಂದ ಶಾಲೆ ಮುಚ್ಚಿತು ಅನ್ನುವುದೂ ಒಂದು ಬಗೆಯ ಜಂಬವೇ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905 ಇತ್ತು, 2011ಕ್ಕೆ 11,37,961. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಹುಟ್ಟುವ ಮಕ್ಕಳೂ ಕಡಿಮೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಸರಾಸರಿ ಹೆಣ್ಣೊಬ್ಬಳಿಗೆ 1.7 ಮಗು. ಈ ಅಂಕಿಗಳೆಲ್ಲ ನನಗೆ ಬಾಯಿಪಾಠ. ಇವುಗಳ ಮರೆಯಲ್ಲಿ ನಿಂತರೆ ಅಣ್ಣನ ಮಗಳು ಕಾಣುವುದಿಲ್ಲ.

ಆದರೆ ಅತ್ತಿಗೆ ಹೇಳಿದ ಒಂದು ಮಾತಿದೆ. ಪಕ್ಕದ ಮನೆಯವರು ಮಾರನೇ ವರ್ಷ ಇಬ್ಬರು ಮಕ್ಕಳೊಂದಿಗೆ ಕೊಪ್ಪ ಪೇಟೆಗೆ ಬಾಡಿಗೆ ಮನೆಗೆ ಹೋದರು. ಹೊರಡುವಾಗ ಆ ತಾಯಿ, “ನಿಮ್ಮ ಮಗಳು ಹೋದ್ಮೇಲೆ ನಮ್ಮ ಹುಡುಗಿಗೆ ದಾರಿಗೆ ಜೊತೆ ಯಾರು?” ಅಂದರಂತೆ. ಶಾಲೆಗೆ ಕಾಡುದಾರಿ, ನಡುವೆ ಹಳ್ಳ, ಮಳೆಗಾಲದಲ್ಲಿ ಜಿಗಣೆ. ತಮ್ಮ ಇನ್ನೂ ಅಂಗನವಾಡಿಯವನು. ಒಂಟಿ ಹುಡುಗಿಯನ್ನು ಯಾರು ಕಳಿಸುತ್ತಾರೆ? ಶಾಲೆಗೆ ಮಗು ಬೇಕು ಅಂತ ಗೊತ್ತಿತ್ತು. ಮಗುವಿಗೆ ಇನ್ನೊಂದು ಮಗು ಬೇಕು ಅನ್ನುವುದು ನನ್ನ ಲೆಕ್ಕದಲ್ಲಿರಲಿಲ್ಲ. ಆಮೇಲೆ ಮೇಷ್ಟ್ರಿಗೆ ವರ್ಗವಾಯಿತು, ಬಿಸಿಯೂಟದ ಅಕ್ಕನ ಕೆಲಸ ಹೋಯಿತು. ಈಗ ಚಿಕ್ಕ ಮಕ್ಕಳಿರುವವರು ಊರಲ್ಲಿ ನಿಲ್ಲುವುದಿಲ್ಲ. ಅಡಿಕೆ ಕೊನೆ ತೆಗೆಯಲು ಜನವೇ ಇಲ್ಲ ಅಂತ ಅಣ್ಣ ಫೋನಿನಲ್ಲಿ ಗೊಣಗುತ್ತಾನೆ. ನಾನು ಹೂಂಗುಡುತ್ತೇನೆ.

2018ರ ಜುಲೈ ಬಜೆಟ್‌ನಲ್ಲಿ 28,847 ಸರ್ಕಾರಿ ಶಾಲೆಗಳನ್ನು 8,530 ಶಾಲೆಗಳ ಜೊತೆ ವಿಲೀನ ಮಾಡುವ ಮಾತು ಬಂದಾಗ ಯಲಹಂಕದ ಸಭೆಯೊಂದರಲ್ಲಿ ನಾನು ಆವೇಶದಿಂದ ಮಾತಾಡಿದ್ದೆ. ಸರ್ಕಾರವನ್ನು ಬೈದದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಚಪ್ಪಾಳೆ ಬಿತ್ತು, ಹಿತವಾಗಿತ್ತು. ಅಣ್ಣನ ಮಗಳ ವಿಷಯ ಅಲ್ಲಿ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ನಮ್ಮ ಬೀದಿಯ ಕೊನೆಗೊಂದು ಸರ್ಕಾರಿ ಶಾಲೆಯಿದೆ. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದ ಕಟ್ಟಡ ಕೆಲಸದವರ ಮಕ್ಕಳಿಂದ ತುಂಬಿದೆ. ದಿನಾ ಅದರ ಮುಂದೆ ವಾಕಿಂಗ್ ಹೋಗುತ್ತೇನೆ. ಒಳಗೆ ಒಂದು ದಿನವೂ ಕಾಲಿಟ್ಟಿಲ್ಲ.

ಅವಳನ್ನು ಕರೆತಂದದ್ದು ತಪ್ಪೇ? ಚೆನ್ನಾಗಿ ಓದುತ್ತಿದ್ದಾಳೆ. ಅದೇ ಗಳಿಗೆ ಮತ್ತೆ ಬಂದರೆ ಮತ್ತೆ ಕರೆತರುತ್ತೇನೆ ಅನ್ನಿಸುತ್ತದೆ. ಹಾಗಾದರೆ ಆ ಶಾಲೆ ತೆರೆದಿರಬೇಕೆಂಬ ನನ್ನ ಆಸೆ ಯಾರಿಗಾಗಿ? ಬೇರೆಯವರ ಮಕ್ಕಳು ಅಲ್ಲಿ ಕೂತು ನನ್ನ ಬಾಲ್ಯವನ್ನು ಕಾಯಲಿ ಅಂತಲೇ?

ಬೆರಳಿಗೆ ಶಾಯಿ ಹಾಕಿಸಿಕೊಂಡು ಹೊರಬಂದಾಗ ನನ್ನ ಜೊತೆ ಓದಿದವನೊಬ್ಬ ಗೋಡೆ ತೋರಿಸಿದ. “ಹೆಸರೆಲ್ಲ ಮಾಸಿದೆ ಮಾರಾಯ, ಮತ್ತೆ ಬರೆಸೋಣ್ವಾ?”

ಎಷ್ಟಾಗ್ತದೆ ಅಂತ ಕೇಳಿದೆ.