ಮೊಹರು ಬಿದ್ದ ಪುಟ

ಕಂಟೋನ್ಮೆಂಟಿನ ನಮ್ಮ ಮನೆಗಳಲ್ಲಿ ಪಾಸ್‌ಪೋರ್ಟಿಗೊಂದು ಖಾಯಂ ಜಾಗವಿರುತ್ತದೆ. ಬೀರುವಿನ ಒಳಖಾನೆಯಲ್ಲಿ ನಿಕಾಹ್‌ನಾಮಾ, ಮನೆಪತ್ರ, ಒಂದೆರಡು ಬಳೆಗಳ ಜೊತೆ ಅದೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮಲಗಿರುತ್ತದೆ. ಶಿವಾಜಿನಗರದಲ್ಲಿ ದುಬೈ, ರಿಯಾದ್ ಕಂಡು ಬಂದವರಿಲ್ಲದ ಗಲ್ಲಿ ಹುಡುಕುವುದು ಕಷ್ಟ. ಪುಸ್ತಕದಲ್ಲಿ ಎಷ್ಟು ಮೊಹರೋ ಅಷ್ಟು ಗತ್ತು. ಉರ್ದುವಿನಲ್ಲಿ ಅದು ಮೊಹರ್, ಕನ್ನಡದಲ್ಲಿ ಮೊಹರು. ಅಮ್ಮಿಯ ಬಾಯಲ್ಲಿ ಮಾತ್ರ ಠಪ್ಪಾ.

ಆದರೆ ಎಲ್ಲ ಮೊಹರುಗಳೂ ಗತ್ತು ತರುವುದಿಲ್ಲ. ಒಂದು ದೇಶದ ಬಾಗಿಲು ತೆರೆದ ಮೊಹರೇ ಇನ್ನೊಂದು ದೇಶದ ಬಾಗಿಲಲ್ಲಿ ಅಡ್ಡ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಅಂಥದ್ದೊಂದಿದೆ. ಅದು ಕರಾಚಿಯದು.

ಕರಾಚಿಯಲ್ಲಿ 'ಬೆಂಗಳೂರು ಟೌನ್' ಎಂಬ ಬಡಾವಣೆ ಇದೆ ಎಂದರೆ ಅನೇಕರು ನಂಬುವುದಿಲ್ಲ. ದೇಶ ವಿಭಜನೆಯ ನಂತರ ಇಲ್ಲಿಂದ ಹೋದವರು ಕಟ್ಟಿಕೊಂಡ ನೆಲೆ ಅದು. ಟಿಪ್ಪು ಸುಲ್ತಾನನ ಹೆಸರಿನ ರಸ್ತೆಯೂ ಅಲ್ಲಿಗೆ ಹತ್ತಿರ. ಊರು ಬಿಟ್ಟವರು ಊರಿನ ಹೆಸರನ್ನು ಬಿಡಲಿಲ್ಲ. ನನ್ನ ಬಡಿ ಖಾಲಾ, ಅಂದರೆ ಅಮ್ಮಿಯ ಅಕ್ಕ, ಮದುವೆಯಾಗಿ ಸೇರಿದ್ದು ಆ ಊರನ್ನೇ.

ಗಡಿ ಎನ್ನುವುದು ಕಂಟೋನ್ಮೆಂಟಿನ ನಮ್ಮ ಹಿರಿಯರಿಗೆ ಹೊಸದೇನೂ ಆಗಿರಲಿಲ್ಲ. 1881ರಿಂದ 1947ರ ಜುಲೈವರೆಗೆ ಇದು ಬ್ರಿಟಿಷರ ಆಡಳಿತದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಆಚೆಯ ಪೇಟೆ ಮೈಸೂರು ಮಹಾರಾಜರದ್ದು. ಒಂದೇ ಊರಿನಲ್ಲಿ ಎರಡು ಸರ್ಕಾರ. ಆದರೂ ಅವೆನ್ಯೂ ರಸ್ತೆಗೆ ಬಟ್ಟೆ ಕೊಳ್ಳಲು ಹೋದವರಿಗೆ ಯಾರೂ ಠಪ್ಪಾ ಒತ್ತಲಿಲ್ಲ. ಪಾಕಿಸ್ತಾನದ ಗಡಿ ಹಾಗಿರಲಿಲ್ಲ. 1948ರಲ್ಲಿ ಪರ್ಮಿಟ್ ಬಂತು, 1952ರ ಅಕ್ಟೋಬರಿನಲ್ಲಿ ಪಾಸ್‌ಪೋರ್ಟ್ ಮತ್ತು ವೀಸಾ ಬಂದವು. ಅಕ್ಕತಂಗಿಯರು ಒಬ್ಬರಿಗೊಬ್ಬರು ವಿದೇಶಿಯರಾದರು.

1994ರಲ್ಲಿ ಕರಾಚಿಯ ಭಾರತೀಯ ಕಾನ್ಸುಲೇಟ್ ಮುಚ್ಚಿದ ಮೇಲೆ ಅಲ್ಲಿಯವರು ವೀಸಾಕ್ಕೆ ಇಸ್ಲಾಮಾಬಾದಿನ ಕಡೆ ನೋಡಬೇಕಾಯಿತು. ಇಲ್ಲಿಯವರಿಗೆ ದೆಹಲಿಯ ಚಾಣಕ್ಯಪುರಿಯೇ ಗತಿ. 2012ರಲ್ಲಿ ಅಮ್ಮಿಗೆ ವೀಸಾ ಸಿಕ್ಕಿತು. ಅಕ್ಕನ ಮಗನನ್ನೂ ಕರೆದುಕೊಂಡು ಸಂಝೌತಾ ಎಕ್ಸ್‌ಪ್ರೆಸ್ಸಿನಲ್ಲಿ ಅಟಾರಿ ದಾಟಿ ಹೋದಳು. ಆಗ ಅವನಿಗೆ ಹನ್ನೆರಡು ವರ್ಷ. ಈ ವೀಸಾ ದೇಶಕ್ಕಲ್ಲ, ಊರಿಗೆ. ಯಾವ ಊರಿನ ಹೆಸರು ಬರೆದಿದೆಯೋ ಅಲ್ಲಿಗೆ ಮಾತ್ರ ಹೋಗಬೇಕು. ತಲುಪಿದ ಕೂಡಲೇ ಪೊಲೀಸರಿಗೆ ಹಾಜರಿ, ಹೊರಡುವ ಮುನ್ನ ಮತ್ತೆ ಹಾಜರಿ. ಇಲ್ಲಿಗೆ ಬರುವ ಅವರಿಗೂ ಇದೇ ಕಟ್ಟುಪಾಡು. "ಅಕ್ಕನ ಮನೆಗೆ ಬಂದವಳು ಠಾಣೆಗೆ ಹೋಗಿ ಸಹಿ ಹಾಕಿ ಬಂದೆ" ಎಂದು ಅಮ್ಮಿ ಈಗಲೂ ನಗುತ್ತಾ ಹೇಳುತ್ತಾಳೆ. ಆ ನಗುವಿನಲ್ಲಿ ಸ್ವಲ್ಪ ನಾಚಿಕೆಯೂ ಇರುತ್ತದೆ.

ಆ ಹುಡುಗ 2021ರಲ್ಲಿ ಓದಲು ಬ್ರಿಟನ್ನಿಗೆ ಹೊರಟಾಗ ಈ ಪುಟ ಮತ್ತೆ ಎದ್ದು ಕುಳಿತಿತು. ಅವನ ಕೈಯಲ್ಲಿದ್ದದ್ದು ಹೊಸ ಪಾಸ್‌ಪೋರ್ಟು, ಅದರಲ್ಲಿ ಒಂದು ಮೊಹರೂ ಇರಲಿಲ್ಲ. ಆದರೆ ಅಲ್ಲಿಯ ವೀಸಾ ಅರ್ಜಿ ಕಳೆದ ಹತ್ತು ವರ್ಷಗಳ ಪ್ರಯಾಣ ಎಲ್ಲೆಲ್ಲಿಗೆಂದು ಕೇಳುತ್ತದೆ. ಅರ್ಜಿ ತುಂಬಿಕೊಡುವ ಏಜೆಂಟರೊಬ್ಬರು ತಗ್ಗಿದ ದನಿಯಲ್ಲಿ, "ಹಳೇ ಬುಕ್ಕಿನ ಸುದ್ದಿ ಯಾಕೆ ಸಾರ್, ಖಾಲಿ ಬಿಟ್ಟುಬಿಡಿ" ಎಂದರು. ಇನ್ನೊಬ್ಬ ಬಂಧು ಇನ್ನೂ ಮುಂದೆ ಹೋಗಿ, ಹಳೆಯದರಿಂದ ಆ ಹಾಳೆಯನ್ನೇ ಕಿತ್ತುಹಾಕಲು ಹೇಳಿದರು.

ಈ ಎರಡು ಸಲಹೆಗಳೂ ನಮ್ಮ ಬೀದಿಗಳಲ್ಲಿ ಬಹಳ ಜನರಿಗೆ ಸಿಗುವಂಥವು. ಹಾಗಾಗಿ ಸ್ಪಷ್ಟವಾಗಿ ಹೇಳಬೇಕು. ಪಾಸ್‌ಪೋರ್ಟನ್ನು ತಿದ್ದುವುದು 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅಪರಾಧ. ಅರ್ಜಿಯಲ್ಲಿ ವಂಚಿಸಿದ್ದು ಗೊತ್ತಾದರೆ ಬ್ರಿಟನ್ ಹತ್ತು ವರ್ಷಗಳವರೆಗೆ ವೀಸಾ ನಿರಾಕರಿಸಬಲ್ಲದು. ಮೊಹರಿನಿಂದ ಬರುವುದು ಪ್ರಶ್ನೆ. ಅದನ್ನು ಮುಚ್ಚಿಟ್ಟರೆ ಬರುವುದು ಶಿಕ್ಷೆ. ಅಮ್ಮಿಗೆ ಕಾಯ್ದೆ ಗೊತ್ತಿಲ್ಲ. ಅವಳು ಹೇಳಿದ್ದು ಇಷ್ಟೇ: "ಬೇಟಾ, ನನ್ನ ಅಕ್ಕನ ಮನೆಗೆ ಹೋಗಿದ್ದೆ ಅಂತ ಬರಿ. ಕಳ್ಳತನಕ್ಕೆ ಹೋಗಿದ್ವಾ ನಾವು?" ಹುಡುಗ ಹಾಗೆಯೇ ಬರೆದ. ವೀಸಾ ಬಂತು.

ಎಲ್ಲ ಕಡೆಯೂ ಇಷ್ಟು ಸಲೀಸಲ್ಲ. ಅಮ್ಮಿಯನ್ನು ವಾಪಸು ಕರೆತರಲು ನಾನೂ ಆ ವರ್ಷ ಕರಾಚಿಗೆ ಹೋಗಿದ್ದೆ. ಎರಡು ವರ್ಷಗಳ ನಂತರ ಬೇರೊಂದು ದೇಶದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನನ್ನ ಹೆಸರು ನೋಡಿದ, ಆ ಪುಟ ನೋಡಿದ, ಮತ್ತೆ ಹೆಸರು ನೋಡಿದ. ಎರಡು ಗಂಟೆ ಕೂರಿಸಿದರು. "ಕರಾಚಿಯಲ್ಲಿ ನಿಮಗೆ ಯಾರಿದ್ದಾರೆ?" "ದೊಡ್ಡಮ್ಮ." ಅದಕ್ಕಿಂತ ದೊಡ್ಡ ರಹಸ್ಯ ನನ್ನಲ್ಲಿರಲಿಲ್ಲ.

ಇದು ಮುಸಲ್ಮಾನರ ಗೋಳು ಮಾತ್ರ ಎಂದುಕೊಳ್ಳಬೇಡಿ. ಸೇಂಟ್ ಮೇರಿ ಬೆಸಿಲಿಕಾದ ಹಿಂದಿನ ಬೀದಿಯ ತಮಿಳು ಕ್ರೈಸ್ತ ಅಕ್ಕ ಒಬ್ಬರು ಜೆರುಸಲೇಮಿನ ಯಾತ್ರೆಗೆ ಹಣ ಕೂಡಿಟ್ಟಿದ್ದರು. ಅವರ ಮಗಳು ಕುವೈತಿನಲ್ಲಿ ನರ್ಸ್. ಇಸ್ರೇಲಿನ ಮೊಹರಿದ್ದರೆ ಕುವೈತ್, ಲೆಬನಾನ್‌ಗಳಲ್ಲಿ ಪ್ರವೇಶವಿಲ್ಲ ಎಂದು ತಿಳಿದ ಅವರಿಗೆ ಮಗಳ ಬಾಣಂತನಕ್ಕೆ ಹೋಗುವುದೋ, ಏಸುವಿನ ಊರಿಗೋ ಎಂಬ ಸಂಕಟ. 2013ರಿಂದ ಇಸ್ರೇಲ್ ಪಾಸ್‌ಪೋರ್ಟಿನ ಬದಲು ಬೇರೆ ಚೀಟಿ ಕೊಡುತ್ತಿದೆ. ಆದರೆ ಈಜಿಪ್ಟ್ ಅಥವಾ ಜೋರ್ಡಾನಿನ ಕೆಲವು ಗಡಿಗಳಲ್ಲಿ ಬೀಳುವ ಮೊಹರು ನೀವು ಎಲ್ಲಿಗೆ ಹೋದಿರೆಂದು ತಾನೇ ಹೇಳಿಬಿಡುತ್ತದೆ. ಬೈತುಲ್ ಮುಕದ್ದಸ್‌ಗೆ ಹೋಗಿ ಅಲ್ ಅಕ್ಸಾದಲ್ಲಿ ನಮಾಜು ಮಾಡಿ ಬರುವ ನಮ್ಮವರಿಗೂ ಇದೇ ಕಷ್ಟ. ಮುಸ್ಲಿಮರ ಮೂರನೇ ಪವಿತ್ರ ಮಸೀದಿಗೆ ಹೋದ ಗುರುತು ಮುಸ್ಲಿಂ ದೇಶದ ಬಾಗಿಲಲ್ಲೇ ಕಳಂಕವಾಗುತ್ತದೆ. ಇದನ್ನೂ ನಾವು ಗಟ್ಟಿಯಾಗಿ ಕೇಳಬೇಕಲ್ಲವೇ?

ಕೆಲವರಿಗೆ ಮೊಹರೇ ಬೇಕಿಲ್ಲ, ಹುಟ್ಟು ಸಾಕು. ಬಡಿ ಖಾಲಾಳ ಮೊಮ್ಮಗಳು ಹುಟ್ಟಿದ್ದು ಲಂಡನ್ನಿನಲ್ಲಿ, ಪಾಸ್‌ಪೋರ್ಟು ಬ್ರಿಟನ್ನಿನದು. ಆದರೂ ಭಾರತದ ವೀಸಾ ಅರ್ಜಿ ಅವಳ ಅಜ್ಜ ಅಜ್ಜಿಯರು ಪಾಕಿಸ್ತಾನದವರೇ ಎಂದು ಕೇಳುತ್ತದೆ. ಹೌದೆಂದರೆ ಅವಳ ಗೆಳತಿಯರಿಗೆ ಸಿಗುವ ಇ-ವೀಸಾ ಅವಳಿಗಿಲ್ಲ, ಬೇರೆ ದಾರಿಯಲ್ಲಿ ಅರ್ಜಿ ಹಾಕಿ ಕಾಯಬೇಕು. ಆ ಅಜ್ಜಿ ಹುಟ್ಟಿದ್ದು ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ಅದನ್ನು ಬರೆಯಲು ಅರ್ಜಿಯಲ್ಲಿ ಸಾಲಿಲ್ಲ.

ದೇಶಗಳು ಕಾವಲು ಕಾಯುವುದು ತಪ್ಪೆಂದು ನಾನು ಹೇಳಲಾರೆ. 2025ರ ಏಪ್ರಿಲಿನಲ್ಲಿ ಪಹಲ್ಗಾಮಿನಲ್ಲಿ ಅಮಾಯಕರ ರಕ್ತ ಹರಿಸಿದವರೇ ಗಡಿಯ ಎರಡೂ ಕಡೆಯ ಮುದುಕಿಯರ ಶತ್ರುಗಳು. ಅದಾದ ಮೇಲೆ ಅಟಾರಿ ಮುಚ್ಚಿತು, ಪಾಕಿಸ್ತಾನಿಯರ ವೀಸಾಗಳು ರದ್ದಾದವು. ರೈಲು 2019ರಲ್ಲೇ ನಿಂತಿತ್ತು. ಆದರೆ ಕಾವಲುಗಾರನಿಗೆ ಕೊಲೆಗಾರನೂ ತಂಗಿಯೂ ಒಂದೇ ಸಾಲಿನಲ್ಲಿ ಕಂಡರೆ ಆ ಕಾವಲಿನ ಕಣ್ಣನ್ನು ಪರೀಕ್ಷಿಸಬೇಕು.

ಮೊನ್ನೆ ಉಮ್ರಾಕ್ಕೆಂದು ಅಮ್ಮಿಯ ಪಾಸ್‌ಪೋರ್ಟ್ ನವೀಕರಿಸಲು ಮಾರತ್‌ಹಳ್ಳಿಯ ಸೇವಾ ಕೇಂದ್ರಕ್ಕೆ ಹೋಗಿದ್ದೆವು. ಹಳೆಯದನ್ನು ರದ್ದು ಮಾಡಿ ವಾಪಸು ಕೊಟ್ಟರು. ಹೊರಬಂದು ಅಮ್ಮಿ ಕರಾಚಿಯ ಪುಟ ಹಾಗೇ ಇದೆಯೇ ಎಂದು ತಿರುವಿ ನೋಡಿದಳು. ಇತ್ತು. ಬಡಿ ಖಾಲಾ ಈಗ ಹಾಸಿಗೆ ಹಿಡಿದಿದ್ದಾಳೆ. ಹೊಸ ಪುಸ್ತಕಕ್ಕೆ ಹತ್ತು ವರ್ಷ ಆಯುಷ್ಯವಿದೆ, ಇಬ್ಬರಲ್ಲಿ ಯಾರಿಗೆ ಎಷ್ಟಿದೆಯೋ ಅಲ್ಲಾಹನೇ ಬಲ್ಲ.